ಕಣ್ಣುಬೇನೆಯ ಮೌಲವಿ ಸಾಹೇಬರು

ಅಧ್ಯಕ್ಷ ಪೀಠದಲ್ಲಿರುವ ಮಾನ್ಯ ತಹಶೀಲ್ದಾರ್ ಸಾಹೇಬರೇ, ಬಿಸಿಲನ್ನು ಲೆಕ್ಕಿಸದೆ ರಾಯಚೂರಿನಿಂದ ಬಂದಿರುವ ವಿದ್ಯಾ ಇಲಾಖೆಯ ಮೊಹತಮಿಮ್ ಸಾಹೇಬರೇ, ಈ ಶಾಲೆಯ ಮುಖ್ಯೋಪಾಧ್ಯಾಯರಾದ ಯಂಕೋಬಾಚಾರ್ಯರೇ, ಲಿಂಗಸುಗೂರು ಕಚೇರಿಯ ನನ್ನ ಜೊತೆಗಾರರೇ, ಸಭಿಕರೇ, ಹಾಗೂ ಬಲಗಡೆ ಪರದೆಯ ಆಚೆ ಕುಳಿತಿರುವ ತಾಯಂದಿರೇ,

ತಾಯಂದಿರನ್ನು ಕೊನೆಗೆ ಕರೆದದ್ದಕ್ಕೆ ಕ್ಷಮೆ ಇರಲಿ. ಮೂವತ್ತಮೂರು ವರ್ಷ ಸರಕಾರಿ ಕಾಗದ ಬರೆದ ಕೈ ಇದು. ಕಾಗದದಲ್ಲಿ ಮುಖ್ಯವಾದ ಮಾತು ಯಾವಾಗಲೂ ಕೊನೆಯ ಸಾಲಿನಲ್ಲೇ ಇರುತ್ತದೆ. ಅಧ್ಯಕ್ಷರ ಅಪ್ಪಣೆ ಪಡೆದು ಕನ್ನಡದಲ್ಲಿಯೇ ಮಾತಾಡುತ್ತೇನೆ. ಉರ್ದುವಿನಲ್ಲಿ ಮಾತಾಡಿದರೆ ನನ್ನ ಹೆಂಡತಿ ಪಾರ್ವತೆಮ್ಮ, ನಾನು ತನ್ನ ಬಗ್ಗೆ ಏನೋ ಹೇಳುತ್ತಿದ್ದೇನೆಂದು ಮನೆಗೆ ಹೋದ ಮೇಲೆ ವಿಚಾರಣೆ ನಡೆಸುತ್ತಾಳೆ.

ಹಾರ ಹಾಕಿದ್ದೀರಿ, ಶಾಲು ಹೊದಿಸಿದ್ದೀರಿ. ಪೇಶ್ಕಾರ್ ಅಂಬಪ್ಪನಂಥ ದಕ್ಷ ನೌಕರ ಹಿಂದೆ ಇರಲಿಲ್ಲ, ಮುಂದೆ ಬರುವುದಿಲ್ಲ ಎಂದು ನಾಲ್ಕು ಜನ ಹೇಳಿದರು. ನೌಕರಿ ಮುಗಿಸಿ, ತಿಂಗಳ ವಜೀಫಾ ಪಡೆದು ಮನೆಗೆ ಹೋಗುವವನನ್ನು ಹೊಗಳುವುದು ಲೋಕರೂಢಿ. ಹೋಗುವವನು ನಂಬಬಾರದು ಅಷ್ಟೇ. ಆದರೆ ಆಚಾರ್ಯರು ನನ್ನನ್ನು ಸುಮ್ಮನೆ ಬಿಡಲಿಲ್ಲ. ‘ನಮ್ಮ ಹುಡುಗರು ನೌಕರಿಯ ಮುಲಾಖಾತಿಗೆ ಹೋಗುತ್ತಾರೆ, ಸಾಹೇಬರ ಮುಂದೆ ನಿಂತು ನಡುಗುತ್ತಾರೆ. ಧೈರ್ಯದಿಂದ ಹೇಗೆ ತಯಾರಾಗಬೇಕೆಂದು ನಿಮ್ಮ ಅನುಭವ ಹೇಳಿ’ ಎಂದು ಚೀಟಿ ಬರೆದು ಕೊಟ್ಟರು.

ನನ್ನ ಅನುಭವವೇ? ಹೇಳುತ್ತೇನೆ. ಫಸಲಿ ಸನ ಸಾವಿರದ ಮುನ್ನೂರಾ ಇಪ್ಪತ್ತೊಂದರಲ್ಲಿ, ಅಂದರೆ ಮೂವತ್ತಮೂರು ವರ್ಷದ ಹಿಂದೆ, ಇಪ್ಪತ್ತು ವರ್ಷದವನಾಗಿದ್ದ ನಾನು, ಇದೇ ಊರಿನ ಕಚೇರಿಯಲ್ಲಿ, ಇಡೀ ಜಿಲ್ಲೆಗೆ ದೊಡ್ಡವರಾದ ತಾಲ್ಲೂಕದಾರ್ ಸಾಹೇಬರ ಎದುರು ಎದೆ ಸೆಟೆದು ನಿಂತು, ಕೇಳಿದ ಪ್ರಶ್ನೆಗೆಲ್ಲ ಪಟಪಟನೆ...

ಕೇಳಿಸಿತೇ? ಪರದೆಯ ಆಚೆಯಿಂದ ‘ಟಕ್’ ಎಂದು ಒಂದು ಸದ್ದು ಬಂತು. ಯಾರೋ ತಾಯಿ ಅಡಿಕೆ ಕತ್ತರಿಸುತ್ತಿದ್ದಾರೆ ಎಂದುಕೊಂಡಿರಾ? ಅಲ್ಲ. ಅಡಕತ್ತಿನ ಬಾಯಲ್ಲಿ ಅಡಿಕೆ ಇದ್ದರೆ ಸದ್ದು ಬೇರೆ. ಇದು ಬರೀ ಬಾಯಿಯ ಸದ್ದು. ಅಂಬಪ್ಪ ತಪ್ಪು ಹೇಳಿದ ಎಂದು ಅದರ ಅರ್ಥ. ಆ ಅಡಕತ್ತು ಯಾರದು, ಅದಕ್ಕೂ ನನಗೂ ಏನು ಸಂಬಂಧ ಎನ್ನುವುದನ್ನು ಮೊದಲು ಹೇಳದಿದ್ದರೆ ಇವತ್ತು ಈ ಭಾಷಣ ಮುಂದೆ ಹೋಗುವಂತಿಲ್ಲ.

ನಾನು ಮಸ್ಕಿಯವನು. ನಮ್ಮ ಅಪ್ಪ ಕಂಬಳಿ ನೇಯುತ್ತಿದ್ದ. ನಮ್ಮ ಮನೆಗೆ ಹೊಂದಿಕೊಂಡ ಮನೆಯಲ್ಲಿ ಅರ್ಜಿ ಬರೆಯುವ ಜಿಲಾನಿಸಾಬರು ಇದ್ದರು. ಅವರು ಚಿಕ್ಕ ವಯಸ್ಸಿನಲ್ಲೇ ತೀರಿಹೋದರು. ಊರಿನ ಅರ್ಜಿಗಳು ಮಾತ್ರ ನಿಲ್ಲಲಿಲ್ಲ. ಅವರ ಹೆಂಡತಿ ಪೀರ್‌ಬೀ ಪರದೆಯ ಹಿಂದೆ ಕುಳಿತು ಕೇಳಿಸಿಕೊಂಡು, ಗಂಡನ ಲೆಕ್ಕಣಿಕೆಯಲ್ಲಿಯೇ ಬರೆದುಕೊಡುತ್ತಿದ್ದರು. ಫಾರಸಿ, ಉರ್ದು ಎರಡನ್ನೂ ಮುದಗಲ್ಲಿನಲ್ಲಿ ತಮ್ಮ ತಂದೆಯಿಂದ ಕಲಿತವರು. ಅವರು ಬರೆದ ಅರ್ಜಿ ವಾಪಸು ಬಂದದ್ದು ನಾನು ಕಂಡಿಲ್ಲ.

ನಮ್ಮ ಅವ್ವ ಗದ್ದೆಮ್ಮ ಒಂದು ದಿನ ಗೋಡೆಯ ಮೇಲಿಂದ ಕೂಗಿ ಕೇಳಿದಳು. ‘ಪೀರಮ್ಮಾ, ನಮ್ಮ ಅಂಬಾ ಕಂಬಳಿಗೆ ಕೈ ಹಚ್ಚವಲ್ಲ. ಕಚೇರ್ಯಾಗ ಕಾರಕೂನನ ಜಾಗ ಒಂದು ಖಾಲಿ ಐತಂತ. ಇವಂಗೊಂದೀಟು ಕಲಿಸ್ತೀಯೇನ?’ ಅದಕ್ಕೆ ಪೀರ್‌ಬೀ ಅಕ್ಕ, ‘ಕಲಿಸ್ತೀನಿ. ಆದ್ರ ಪರದೇಕ ಅರಿವಿ ನೀನ ಕೊಡಬೇಕು ನೋಡು, ನಂದು ಹರದೈತಿ’ ಎಂದರು. ಅವ್ವ ತನ್ನ ಹಳೆಯ ಹಸಿರು ಇಳಕಲ್ ಸೀರೆ ಕೊಟ್ಟಳು. ಆ ಸೀರೆಯನ್ನೇ ಬಾಗಿಲಿಗೆ ಇಳಿಬಿಟ್ಟರು. ಆರು ತಿಂಗಳು, ದಿನಾ ಮಧ್ಯಾಹ್ನದ ನಮಾಜು ಮುಗಿದ ಮೇಲೆ, ನಾನು ಆ ಸೀರೆಯ ಮುಂದೆ ನಿಲ್ಲುತ್ತಿದ್ದೆ. ಸೀರೆಯ ಹಿಂದಿನಿಂದ ಅಕ್ಕ ತಾಲ್ಲೂಕದಾರರಾಗಿ ಉರ್ದುವಿನಲ್ಲಿ ಪ್ರಶ್ನೆ ಕೇಳುತ್ತಿದ್ದರು. ಉತ್ತರ ತಪ್ಪಿದರೆ ಅಡಕತ್ತು ಟಕ್ ಎನ್ನುತ್ತಿತ್ತು. ಸರಿಯಾದರೆ ಸದ್ದಿಲ್ಲ. ಶಹಬಾಸ್ ಎಂಬ ಮಾತು ಆ ಮನೆಯಲ್ಲಿ ಹುಟ್ಟಿರಲೇ ಇಲ್ಲ!

ಆಚಾರ್ಯರೇ, ನೀವು ಕೇಳಿದ ತಯಾರಿ ಎಂದರೆ ಇದೇ. ‘ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ನು. ಸಾಹೇಬರು ಬೈದರ ಒಮ್ಮೆ ಬೈತಾರ. ಸುಳ್ಳು ಹೇಳಿದರ ಜನ್ಮ ಪೂರ್ತಿ ಕಾಯಬೇಕಾಕ್ಕತಿ’ ಎನ್ನುತ್ತಿದ್ದರು. ‘ಜೋಡು ಹೊರಗ ಬಿಟ್ಟಮ್ಯಾಲ ಅದರ ಚಿಂತೀನೂ ಹೊರಗ ಬಿಡು’ ಎನ್ನುತ್ತಿದ್ದರು. ಹುಡುಗರೇ, ಇದಕ್ಕೆ ನಗಬೇಡಿ. ಒಳಗೆ ಸಾಹೇಬರು ಪ್ರಶ್ನೆ ಕೇಳುವಾಗ ಹೊರಗಿನ ಜೋಡನ್ನು ಯಾರು ಮೆಟ್ಟಿಕೊಂಡು ಹೋದಾರು ಎಂದು ಯೋಚಿಸಿ ನೌಕರಿ ಕಳೆದುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಕ ತಮ್ಮ ಗಂಡನ ಶೇರ್ವಾನಿ ಬಿಚ್ಚಿ ನನ್ನ ಮೈಗೆ ಹೊಲಿದುಕೊಟ್ಟರು. ಸೊಂಟಕ್ಕೆ ಕಟ್ಟುವ ಬಗ್ಲೂಸ್ ಪಟ್ಟಿಯನ್ನೂ ಕೊಟ್ಟರು. ಸಾಹೇಬರಿಗೆ ಎಂದೂ ಬೆನ್ನು ತೋರಿಸಬಾರದು, ಹೊರಡುವಾಗಲೂ ಹಿಮ್ಮುಖವಾಗಿಯೇ ಬಾಗಿಲಿನ ತನಕ ಬರಬೇಕು ಎಂದು ಅಂಗಳದಲ್ಲಿ ನನ್ನನ್ನು ಹಿಂದಕ್ಕೆ ನಡೆಸಿ ನಡೆಸಿ ಕಲಿಸಿದರು. ಎರಡು ಸಲ ನೀರಿನ ಬಾನಿಯಲ್ಲಿ ಬಿದ್ದಿದ್ದೇನೆ.

ಎಲ್ಲವನ್ನೂ ಕಲಿಸಿದ್ದರು. ಒಂದನ್ನು ಮಾತ್ರ ನಾವಿಬ್ಬರೂ ಮರೆತಿದ್ದೆವು.

ಮುಲಾಖಾತಿನ ದಿನ ಬಂತು. ಒಂದು ಜಾಗ, ಆರು ಜನ. ಚಪರಾಸಿ ಗೌಸ್‌ಸಾಬ್ ನನ್ನ ಹೆಸರು ಕೂಗಿದ. ಬಾಗಿಲಿಗೆ ಪರದೆಯಂತೆ ಇಳಿಬಿಟ್ಟಿದ್ದ ಬಿದಿರು ಚಿಕ್ಕು ಸರಿಸಿ ಒಳಗೆ ಹೋದೆ, ಸಲಾಮು ಮಾಡಿ ಕತ್ತು ಎತ್ತಿದೆ. ಎದುರಿಗೆ ಒಂದು ಮುಖ! ದಪ್ಪ ಮೀಸೆ, ಚಿನ್ನದ ಕಟ್ಟಿನ ಕನ್ನಡಕ, ಎರಡು ಕಣ್ಣು. ‘ನಿನ್ನ ಹೆಸರೇನು?’ ಎಂದರು. ಸಭಿಕರೇ, ನನ್ನ ಹೆಸರು ನನಗೆ ಬರಲಿಲ್ಲ. ಹೇಗೆ ಬಂದೀತು? ಆರು ತಿಂಗಳು ನಾನು ಉರ್ದುವನ್ನು ಒಂದು ಹಸಿರು ಸೀರೆಯ ಜೊತೆ ಮಾತಾಡಿದ್ದೆನೇ ಹೊರತು ಮನುಷ್ಯರ ಮುಖದ ಜೊತೆ ಒಂದು ಮಾತೂ ಆಡಿರಲಿಲ್ಲ. ಎರಡನೆಯ ಸಲ ಕೇಳಿದರು. ಮೂರನೆಯ ಸಲ ಕೇಳುವಾಗ ಕನ್ನಡಕ ತೆಗೆದರು.

ಆಗ ನಾನು ಏನು ಮಾಡಿದೆ ಗೊತ್ತೇ? ಗರಕ್ಕನೆ ತಿರುಗಿ, ಸಾಹೇಬರಿಗೆ ಬೆನ್ನು ಹಾಕಿ, ಬಾಗಿಲಿನ ಚಿಕ್ಕಿಗೆ ಮುಖಮಾಡಿ ನಿಂತೆ. ನಿಂತದ್ದೇ ತಡ, ಉರ್ದು ಹೊಳೆ ಹರಿದಂತೆ ಹರಿಯಿತು! ನನ್ನ ಹೆಸರು, ಅಪ್ಪನ ಹೆಸರು, ಊರು, ಅರ್ಜಿಯ ಒಕ್ಕಣೆ ಹೇಗಿರಬೇಕು, ಜಮೀನಿನ ತಕರಾರು ಬಂದರೆ ಯಾವ ಕಾಗದ ಮೊದಲು ನೋಡಬೇಕು, ಎಲ್ಲವನ್ನೂ ಆ ಬಿದಿರಿಗೆ ವರದಿ ಒಪ್ಪಿಸಿದೆ.

ಗೌಸ್‌ಸಾಬ್ ಓಡಿಬಂದು ನನ್ನ ಕೊರಳಪಟ್ಟಿಗೆ ಕೈ ಹಾಕಿದ. ಅವನು ಇವತ್ತು ಎರಡನೆಯ ಸಾಲಿನಲ್ಲಿ ಕುಳಿತಿದ್ದಾನೆ, ಬೇಕಾದರೆ ಕೇಳಿ. ‘ಲೇ, ಸಾಹೇಬ್ರಿಗೇ ಬೆನ್ನು ಹಚ್ಚೀಯೇನಲೇ, ಜೀವದ ಮ್ಯಾಲ ಆಸೆ ಇಲ್ಲೇನ ನಿನಗ?’ ಎಂದ. ಸಾಹೇಬರು ಅವನನ್ನು ತಡೆದರು. ನಾನು ಬಾಗಿಲಿಗೆ ಮುಖ ಮಾಡಿಕೊಂಡೇ ಅತ್ತೆ. ಹುಜೂರ್, ತಪ್ಪಾಯಿತು, ನನ್ನ ಉರ್ದು ಪರದೆಯ ಮುಂದೆ ಮಾತ್ರ ಬರುತ್ತದೆ ಎಂದೆ.

ಆ ಪುಣ್ಯಾತ್ಮರು ಬಿದ್ದು ಬಿದ್ದು ನಕ್ಕರು. ಆಮೇಲೆ, ‘ಇತ್ತ ತಿರುಗು’ ಎಂದರು. ತಿರುಗಿದರೆ ಮುಖವಿಲ್ಲ! ಮೇಜಿನ ಮೇಲಿದ್ದ ವರ್ತಮಾನ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತಿದ್ದರು. ಅದರ ಹಿಂದಿನಿಂದ ಪ್ರಶ್ನೆ ಕೇಳಿದರು, ನಾನು ಉತ್ತರ ಕೊಟ್ಟೆ. ಪತ್ರಿಕೆ ಒಂದು ಬೆರಳು ಕೆಳಗಿಳಿಯಿತು. ಇನ್ನೊಂದು ಪ್ರಶ್ನೆ, ಇನ್ನೊಂದು ಬೆರಳು. ಮೊದಲು ಟೋಪಿ ಕಂಡಿತು, ಆಮೇಲೆ ಕನ್ನಡಕ, ಆಮೇಲೆ ಮೀಸೆ. ಪತ್ರಿಕೆ ಮೇಜಿನ ಮೇಲೆ ಮಲಗುವ ಹೊತ್ತಿಗೆ ನಾನು ಅವರ ಮುಖ ನೋಡುತ್ತ ಮಾತಾಡುತ್ತಿದ್ದೆ. ಅಷ್ಟು ದೊಡ್ಡ ಅಧಿಕಾರಿ ಒಬ್ಬ ಕಂಬಳಿಯವನ ಮಗನಿಗಾಗಿ ತಮ್ಮ ಮುಖವನ್ನೇ ಬಚ್ಚಿಟ್ಟರು. ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ.

ಕೊನೆಗೆ ಅವರು ಒಂದೇ ಒಂದು ಪ್ರಶ್ನೆ ಕೇಳಿದರು. ‘ಪರದೆಯ ಹಿಂದೆ ಕುಳಿತು ಇಷ್ಟು ಚೆನ್ನಾಗಿ ಕಲಿಸಿದ ಉಸ್ತಾದರು ಯಾರು?’

ಆ ದಿನದ ಎಲ್ಲಕ್ಕಿಂತ ಸುಲಭವಾದ ಪ್ರಶ್ನೆ. ನಾನು ಏನಂದೆ? ‘ಮುದಗಲ್ಲಿನ ಒಬ್ಬ ಮೌಲವಿ ಸಾಹೇಬರು ಹುಜೂರ್. ಅವರಿಗೆ ಕಣ್ಣುಬೇನೆ, ಬೆಳಕು ತಡೆಯಲಾರರು, ಅದಕ್ಕೆ ಪರದೆ’ ಎಂದೆ. ಪಕ್ಕದಲ್ಲಿದ್ದ ಕಾರಕೂನ ಅದನ್ನು ನನ್ನ ನೌಕರಿಯ ರಿಜಿಸ್ಟರಿನಲ್ಲಿ ಬರೆದುಕೊಂಡ. ಜಾಗ ನನಗೆ ಸಿಕ್ಕಿತು.

ಒಬ್ಬ ವಿಧವೆಯ ಹೆಸರನ್ನು ಕಚೇರಿಯಲ್ಲಿ ಎಳೆದು ತರಬಾರದು, ಅವರ ಮಾನ ಕಾಯಬೇಕು ಎಂಬ ಒಳ್ಳೆಯ ಉದ್ದೇಶದಿಂದ ನಾನು ಹಾಗೆ...

ಟಕ್ ಅಂತು. ಆಯಿತು ಅಕ್ಕಾ, ನಿಜವನ್ನೇ ಹೇಳುತ್ತೇನೆ. ನನಗೆ ನಾಚಿಕೆಯಾಯಿತು. ಹೊರಗೆ ಕಾಯುವಾಗ ಉಳಿದ ಐವರು ತಾವು ಕಲಿತ ದೊಡ್ಡ ದೊಡ್ಡ ಮದರಸೆಗಳ ಹೆಸರು ಹೇಳಿದ್ದರು. ಹೆಂಗಸಿನ ಹತ್ತಿರ ಕಲಿತೆ ಎಂದರೆ ನಗುತ್ತಾರೆಂದು ನಾನು ಹೆದರಿದೆ. ಇಷ್ಟೇ ನಿಜ.

ಆ ಸುಳ್ಳನ್ನು ನಾನು ಎಷ್ಟು ಸಾಕಿದೆ ಕೇಳಿ! ಆ ತಾಲ್ಲೂಕದಾರರು ಕಚೇರಿಗಳ ತಪಾಸಣೆಗೆ ದೌರೆ ಬಂದಾಗಲೆಲ್ಲ, ‘ನಿಮ್ಮ ಮೌಲವಿ ಸಾಹೇಬರ ಕಣ್ಣು ಹೇಗಿದೆ?’ ಎಂದು ವಿಚಾರಿಸುತ್ತಿದ್ದರು. ಒಂದು ಸಲ ಹೈದರಾಬಾದಿನಿಂದ ಕಣ್ಣಿಗೆ ಹಚ್ಚುವ ಸುರ್ಮಾ ತರಿಸಿ ಕೊಟ್ಟರು. ಸಾಕಾಗಿ, ಫಸಲಿ ಸಾವಿರದ ಮುನ್ನೂರಾ ಮೂವತ್ತರಲ್ಲಿ ನಾನು ಮೌಲವಿ ಸಾಹೇಬರನ್ನು ಕೊಂದುಹಾಕಿದೆ. ಇಲ್ಲದ ಮನುಷ್ಯನ ಮಣ್ಣಿಗೆ ಹೋಗಲು ಸರಕಾರ ನನಗೆ ಒಂದು ದಿನದ ರಜೆ ಕೊಟ್ಟಿತು. ತಹಶೀಲ್ದಾರ್ ಸಾಹೇಬರೇ, ಆ ಒಂದು ದಿನವನ್ನು ನನ್ನ ವಜೀಫಾದಲ್ಲಿ ಮುರಿದುಕೊಳ್ಳಬೇಕೆಂದು ಈ ಸಭೆಯಲ್ಲಿಯೇ ಅರಿಕೆ ಮಾಡುತ್ತೇನೆ.

ಆದರೆ ನಗಲಾರದ ಮಾತು ಒಂದಿದೆ. ಜಾಗ ಸಿಕ್ಕ ದಿನ ಸಂಜೆ ಮಸ್ಕಿಗೆ ಹೋಗಿ ಸೀರೆಯ ಮುಂದೆ ನಿಂತು ಜಾಗ ಸಿಕ್ಕ ಸುದ್ದಿ ಹೇಳಿದೆ. ಅಕ್ಕ ಖುಷಿಯಿಂದ ಕೇಳಿದರು, ‘ಯಾರು ಕಲಿಸಿದ್ದು ಅಂತ ಕೇಳ್ಲಿಲ್ಲೇನೋ ಅಂಬಾ?’ ನಾನು ಮೌಲವಿಯ ಕತೆ ಹೇಳಿದೆ. ಆಮೇಲೆ ಅಡಕತ್ತು ಒಂದು ಸಲ ಟಕ್ ಎಂದಿತು. ‘ಹೋಗ್ಲಿ ಬಿಡು, ಜಾಗ ಸಿಕ್ಕೈತೆಲ್ಲ’ ಎಂದರು. ಮರುದಿನ ಆ ಹಸಿರು ಸೀರೆ ಒಗೆದು, ಮಡಚಿ, ಗೋಡೆಯ ಮೇಲಿಂದ ಅವ್ವನಿಗೆ ವಾಪಸು ಬಂತು. ಅವರು ಅಂದಿನಿಂದ ಹೊರಗಿನ ಯಾರಿಗೂ ಕಲಿಸಲಿಲ್ಲ. ಎಷ್ಟು ಅಂಬಪ್ಪರು ಅಲ್ಲಿ ತಯಾರಾಗಬಹುದಿತ್ತೋ, ದೇವರೇ ಬಲ್ಲ.

ಮನೆಯ ಮಗುವಿಗೆ ಮಾತ್ರ ಕಲಿಸಿದರು. ಅವರ ಮೊಮ್ಮಗಳು ಶಾಕೀರಾ, ಶಾಲೆಯ ಮೆಟ್ಟಿಲು ಹತ್ತದೆ, ಮನೆಯಲ್ಲೇ ಓದಿ ಪರೀಕ್ಷೆ ಪಾಸು ಮಾಡಿದ್ದಾಳೆ. ಸಿಂಧನೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಗುತ್ತಿದೆ. ಅಲ್ಲಿ ಪಾಠ ಹೇಳುವ ಉಸ್ತಾನಿಯ ಜಾಗಕ್ಕೆ ಸೋಮವಾರ ರಾಯಚೂರಿನಲ್ಲಿ ಅವಳ ಮುಲಾಖಾತು. ಎಂಟು ದಿನದ ಹಿಂದೆ ನಮ್ಮ ಮನೆಗೆ ಬಂದಿದ್ದಳು, ಕೈಯಲ್ಲಿ ಸರಕಾರಿ ಫಾರಮು. ಎಲ್ಲ ಖಾನೆಯನ್ನೂ ತುಂಬಿದ್ದಳು, ಒಂದು ಖಾಲಿ. ‘ಉಸ್ತಾದರ ಹೆಸರು.’

‘ಕಾಕಾ, ಇಲ್ಲಿ ನಿಮ್ಮ ಹೆಸರು ಬರೀಲೇನ್ರೀ? ನಮ್ಮ ನಾನಿ ಹೆಸರು ಬರದ್ರ ನಗ್ತಾರ್ರೀ. ನೀವು ಹೂಂ ಅಂದ್ರ ಹೊಕ್ಕೀನಿ, ಇಲ್ಲಾಂದ್ರ ನಾ ರಾಯಚೂರಿಗೇ ಹೋಗೂದಿಲ್ರೀ’ ಎಂದಳು.

ನನ್ನದೇ ಹೆದರಿಕೆ, ನನ್ನದೇ ಮಾತು, ಮೂವತ್ತಮೂರು ವರ್ಷ ತಿರುಗಿ ನನ್ನ ಹೊಸ್ತಿಲಿಗೇ ಬಂದು ನಿಂತಿತ್ತು. ಶಾಕೀರಾಗೆ ಇನ್ನೊಬ್ಬ ಮೌಲವಿ ಬೇಕಾಗಿದ್ದ, ಆ ಮೌಲವಿ ಈ ಸಲ ನಾನೇ! ಹೂಂ ಎಂದರೆ ಅಕ್ಕನ ಹೆಸರು ಇನ್ನೊಮ್ಮೆ ಮುಚ್ಚಿಹೋಗುತ್ತದೆ. ಊಹೂಂ ಎಂದರೆ ಹುಡುಗಿಯ ನೌಕರಿ ಹೋಗುತ್ತದೆ. ಫಾರಮು ಇಟ್ಟು ಹೋಗವ್ವಾ, ಹಾರ ಹಾಕಿಸಿಕೊಂಡ ಮೇಲೆ ಹೇಳುತ್ತೇನೆ ಎಂದೆ.

ಶಾಕೀರಾ, ಪರದೆಯ ಆಚೆ ನಾನಿಯ ಪಕ್ಕದಲ್ಲಿ ಕುಳಿತಿದ್ದೀ, ಕೇಳು ಮಗಳೇ. ನನ್ನ ಹೆಸರು ಬರೆಯಬೇಡ. ನಾನು ನಿನಗೆ ಒಂದು ಅಕ್ಷರವನ್ನೂ ಕಲಿಸಿಲ್ಲ. ಸೋಮವಾರ ಮೂರು ಮುಖಗಳು ನಿನ್ನ ಎದುರು ಇರುತ್ತವೆ. ಮುಖದ ಅಭ್ಯಾಸ ಬೇಕಾದರೆ ನಾಳೆಯಿಂದ ನಮ್ಮ ಕಟ್ಟೆಗೆ ಬಾ. ನಾನು, ಗೌಸ್‌ಸಾಬ್, ಪಾರ್ವತೆಮ್ಮ ಮೂವರೂ ಅಧಿಕಾರಿಗಳಾಗಿ ಕೂರುತ್ತೇವೆ. ಪಾರ್ವತೆಮ್ಮನ ಪ್ರಶ್ನೆಗೆ ಉತ್ತರ ಕೊಟ್ಟವರು ಈ ರಾಜ್ಯದಲ್ಲಿ ಯಾರ ಪ್ರಶ್ನೆಗೂ ಹೆದರಬೇಕಾಗಿಲ್ಲ. ಸೋಮವಾರದ ನಿಜವಾದ ಮೂವರಲ್ಲಿ ಒಬ್ಬರು ಈ ವೇದಿಕೆಯ ಮೇಲೂ ಇರಬಹುದು. ಮೊಹತಮಿಮ್ ಸಾಹೇಬರೇ, ಇದು ಶಿಫಾರಸ್ಸು ಅಲ್ಲ...

ಮತ್ತೆ ಟಕ್. ಸರಿ, ಸ್ವಲ್ಪ ಶಿಫಾರಸ್ಸು. ಆದರೆ ಹುಡುಗಿಯದಲ್ಲ, ಅವಳ ಜಾಗವನ್ನು ಅವಳೇ ಗಳಿಸುತ್ತಾಳೆ. ನನ್ನ ಶಿಫಾರಸ್ಸು ಒಂದು ಹೆಸರಿನದು.

ಗೌಸ್‌ಸಾಬ್, ಇಲ್ಲಿ ಬಾರಪ್ಪಾ. ಈ ಫಾರಮು, ಈ ಲೆಕ್ಕಣಿಕೆ ಪರದೆಯ ಕೆಳಗಿನಿಂದ ಕೊಟ್ಟು ಬಾ. ಮಗಳು ಬರೆಯುವ ತನಕ ನಾನು ಎರಡು ಗುಟುಕು ನೀರು ಕುಡಿಯುತ್ತೇನೆ. ಸಭಿಕರು ದಯವಿಟ್ಟು ಏಳಬೇಡಿ.

ಬಂತು. ಕನ್ನಡಕ ಎಲ್ಲಿ... ಹಾಂ. ‘ಉಸ್ತಾದರ ಹೆಸರು: ಪೀರ್‌ಬೀ, ಮಸ್ಕಿ.’ ಇದರ ಕೆಳಗೆ ಸಾಕ್ಷಿ ಎಂಬ ಖಾನೆ ಇದೆ. ಅದರಲ್ಲಿ ನಾನು ಬರೆಯುತ್ತಿದ್ದೇನೆ, ಬರೆದದ್ದನ್ನು ಜೋರಾಗಿ ಓದುತ್ತೇನೆ. ‘ಅಂಬಪ್ಪ, ಮಾಜಿ ಪೇಶ್ಕಾರ್, ಲಿಂಗಸುಗೂರು. ಇದೇ ಉಸ್ತಾದರ ಮೊದಲನೆಯ ಶಿಷ್ಯ.’

ಒಂದು ನಿಮಿಷ ಸುಮ್ಮನಿರಿ. ಕಿವಿಗೊಟ್ಟು ಕೇಳಿ.

ಸದ್ದಿಲ್ಲ. ಅಡಕತ್ತು ಸುಮ್ಮನಿದೆ.

ತಾಲ್ಲೂಕದಾರ್ ಸಾಹೇಬರ ಕೊನೆಯ ಪ್ರಶ್ನೆಗೆ ಮೂವತ್ತಮೂರು ವರ್ಷ ತಡವಾಗಿ ಸರಿಯಾದ ಉತ್ತರ ಕೊಟ್ಟಿದ್ದೇನೆ. ಇಷ್ಟು ಹೊತ್ತು ಈ ಮುದುಕನ ಮುಖ ನೋಡುತ್ತ ಕುಳಿತ ನಿಮಗೆಲ್ಲ, ಹಾರ ತಂದವರಿಗೆ, ಚೀಟಿ ಕೊಟ್ಟ ಆಚಾರ್ಯರಿಗೆ ನನ್ನ ವಂದನೆಗಳು. ಪರದೆಯ ಕಡೆಗೆ ತಿರುಗಿ ಒಂದು ಸಲಾಮು ಮಾಡುತ್ತೇನೆ. ಹಾಗೆ ತಿರುಗುವಾಗ ವೇದಿಕೆಯ ಸಾಹೇಬರಿಗೆ ಬೆನ್ನಾಗುತ್ತದೆ. ಅದು ನನ್ನ ಹಳೆಯ ಚಾಳಿ, ಮಾಫ್ ಮಾಡಿ.

ಎಲ್ಲರಿಗೂ ನಮಸ್ಕಾರ.