ಡಾಕ್ಟರ್ ನಿಖಾತ್ ಅವರ ಬೆರಳಿಗೆ ಪೆಟ್ಟಾದ ಬಗೆ

ಹೆಸರು ಅನಂತರಾಜು ಬಿನ್ ಚೆಲುವಯ್ಯ, ವಯಸ್ಸು 52, ರೇಷ್ಮೆ ಹುಳು ಸಾಕಣೆ, ಕೂಟಗಲ್ ಗ್ರಾಮ, ರಾಮನಗರ ತಾಲ್ಲೂಕು. ಹಾಲಿ ರಾಮನಗರದ ಖಾಸಗಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿರುವ ನಾನು, ಬುದ್ಧಿ ನೆಟ್ಟಗಿದ್ದು, ಯಾರ ಒತ್ತಾಯವೂ ಇಲ್ಲದೆ ಪೊಲೀಸರ ಮುಂದೆ ಹೇಳಿ ಬರೆಸುವುದೇನೆಂದರೆ:

ನನ್ನ ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಇದೆ. ಆ ಭಾಗವನ್ನು ತೆಗೆಯಲು ನಿನ್ನೆ ಬೆಳಿಗ್ಗೆ 8 ಗಂಟೆಗೆ ಆಪರೇಷನ್ ನಿಗದಿಯಾಗಿತ್ತು. ಥಿಯೇಟರ್ ಬಾಗಿಲವರೆಗೆ ಹೋದ ನನ್ನನ್ನು ಡಾಕ್ಟರ್ ನಿಖಾತ್ ಅವರು ವಾಪಸ್ಸು ಕಳುಹಿಸಿದರು. ಸ್ಕ್ಯಾನಿನಿಂದ ರೋಗಿಯ ರಕ್ತನಾಳಗಳ ಚಿತ್ರವನ್ನು ಕಂಪ್ಯೂಟರಿನಲ್ಲಿ ತಾವೇ ಜೋಡಿಸಿ, ಎಲ್ಲ ಕಡೆಯಿಂದ ತಿರುಗಿಸಿ ನೋಡದೆ ಅವರು ಕತ್ತರಿ ಹಿಡಿಯುವುದಿಲ್ಲವಂತೆ.

ಚಿತ್ರವನ್ನು ನನಗೂ ತೋರಿಸಿದರು. ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗದ ರಕ್ತ, ಕೆಳಭಾಗದ ರಕ್ತ ಬೇರೆ ಬೇರೆ ನಾಳಗಳಲ್ಲಿ ಹೃದಯ ಸೇರುತ್ತದೆ, ನನಗೆ ಮಾತ್ರ ಅವೆರಡೂ ದಾರಿಯಲ್ಲೇ ಕೂಡಿ ಒಂದಾಗಿವೆ ಎಂದರು. ತಿಳಿಯದೆ ಆ ಕೂಡಿದ ನಾಳವನ್ನು ಕತ್ತರಿಸಿದ್ದರೆ ಕೆಳಗಿನ ಒಳ್ಳೆಯ ಭಾಗವೂ ಹಾಳಾಗುತ್ತಿತ್ತಂತೆ. ಹೇಗೆ ಕತ್ತರಿಸಬೇಕೆಂದು ಯೋಚಿಸಲು ಎರಡು ದಿನ ಕೇಳಿದರು.

"ಗೊತ್ತಾಗ್ದೆ ಹೋಗಿದ್ರೆ ಏನ್ ಗತಿ ಮೇಡಂ?" ಎಂದೆ. "ಗೊತ್ತಾಯ್ತಲ್ಲ ಅನಂತರಾಜಣ್ಣ, ಹೋಗಿ ಇಡ್ಲಿ ತಿನ್ನಿ" ಎಂದರು. ಇಂಥ ಡಾಕ್ಟರನ್ನು ನಾನು ಕಂಡಿಲ್ಲ.

ಇವತ್ತು ಆಪರೇಷನ್ ಇಲ್ಲ, ರಕ್ತನಾಳ ಬೇರೆ ಥರ ಇದೆ ಎಂದಷ್ಟೇ ನರ್ಸ್ ನನ್ನ ತಮ್ಮ ಬಾಲರಾಜುವಿಗೆ ಹೇಳಿದ್ದಾರೆ. ಥಿಯೇಟರಿಗೆ ಹೋದವನು ಹಾಗೇ ವಾಪಸ್ಸಾದರೆ ಡಾಕ್ಟರು ಕೈಚೆಲ್ಲಿದರೆಂದೇ ನಮ್ಮ ಕಡೆ ಅರ್ಥ. ಅವನು ವಿಚಾರಿಸದೆ, ಅಣ್ಣ ಉಳಿಯುವುದಿಲ್ಲವೆಂದು ಊರಿಗೆ ಫೋನ್ ಮಾಡಿದ. ಊರವರು ನನ್ನನ್ನು ಹೂಳಲು ನನ್ನ ಹಿಪ್ಪುನೇರಳೆ ತೋಟದಲ್ಲೇ ಗುಂಡಿ ತೋಡಿದರು. ತೋಡಿದ ಗುಂಡಿಯನ್ನು ಬರಿದಾಗಿ ಮುಚ್ಚಬಾರದೆಂದು ಆಮೇಲೆ ಬಾಳೆದಿಂಡು ಹೂತರಂತೆ.

ಸುಮಾರು 11 ಗಂಟೆಗೆ ಟೆಂಪೊ ತುಂಬ ನೆಂಟರು ಬಂದರು. ವಾರ್ಡಿನಲ್ಲಿದ್ದ ನಾನು, ನನ್ನದೇ ಹೆಸರು ಹಿಡಿದು ಅಳುವುದು ಕೇಳಿ ಕೆಳಗಿಳಿದೆ. ಅತ್ತಿಗೆ ಸಿದ್ದಮ್ಮ, "ಅಯ್ಯೋ, ನೆಟ್ಟಗವ್ನೆ ಕಣ್ರೋ!" ಎಂದು ಕಿರುಚಿದರು. ಅದು ಬಾಲರಾಜುವಿನ ಕಿವಿಗೆ ಬೀಳಲಿಲ್ಲ. ಅವನು ಅಣ್ಣನನ್ನು ಯಾಕೆ ಕೈಬಿಟ್ಟಿರೆಂದು ಡಾಕ್ಟರ ಕೊಠಡಿಯ ಬಾಗಿಲು ಗುದ್ದುತ್ತಿದ್ದ. "ಲೇ, ಬುಡ್ಲಾ!" ಎಂದು ನಾನು ಕೂಗುವಷ್ಟರಲ್ಲಿ ಜೋರಾಗಿ ದೂಡಿದ. ಒಳಗಿಂದ ತೆರೆಯಲು ಬಂದ ಡಾಕ್ಟರ ಬಲಗೈ ತೋರುಬೆರಳು ಬಾಗಿಲ ಸಂದಿಗೆ ಸಿಕ್ಕಿ ರಕ್ತ ಬಂತು. ನನ್ನ ಜೀವ ಇದ್ದದ್ದೇ ಆ ಬೆರಳಿನಲ್ಲಿ.

ಬೆರಳಿಗೆ ಹೊಲಿಗೆ ಹಾಕಿದ್ದಾರೆ. ಬೇಕಾದರೆ ಬೆಂಗಳೂರಿನ ಬೇರೆ ಡಾಕ್ಟರಿಗೆ ಚಿತ್ರ ಕಳುಹಿಸುತ್ತೇನೆ, ಇಲ್ಲವೇ ಬೆರಳು ವಾಸಿಯಾಗುವವರೆಗೆ ಕಾಯಿರಿ, ಅಷ್ಟರಲ್ಲಿ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದರು. ಕಾಯುತ್ತೇನೆ ಎಂದಿದ್ದೇನೆ.

ಬಾಗಿಲು ಗಾಳಿಗೆ ಬಡಿಯಿತೆಂದು ಡಾಕ್ಟರು ಪೊಲೀಸರಿಗೆ ತಿಳಿಸಿದ್ದಾರೆ. ತಮ್ಮನನ್ನು ಒಳಗೆ ಹಾಕಿದರೆ ನನ್ನನ್ನು ನೋಡಿಕೊಳ್ಳುವವರು ಯಾರು ಎಂದು, ನನಗೂ ಹಾಗೆಯೇ ಬರೆಸಲು ಹೇಳಿದರು. ನಿನ್ನೆ ಗಾಳಿ ಇರಲಿಲ್ಲ. ಬಾಲರಾಜುವನ್ನು ಕೇಳಿದೆ. "ನಾನೇ ದೂಡಿದ್ದು ಅಂತ ಬರ್ಸಣ್ಣ" ಎಂದು ಅತ್ತ. ಸುಳ್ಳು ಬರೆಸಿ ಆ ಕೈಗೆ ಎದೆಯೊಡ್ಡಿ ಮಲಗುವುದು ನನ್ನಿಂದಾಗುವುದಿಲ್ಲ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದ ಹಾಗೆಯೇ ಇದೆ, ಹೇಳಿದ್ದೆಲ್ಲ ನಿಜ.

ಸ್ಥಳ: ರಾಮನಗರ
ದಿನಾಂಕ: 11-06-2025
ಸಹಿ: ಅನಂತರಾಜು