ಕಾಗೆ ಮುಟ್ಟದ ಎಡೆಯ ಬಗ್ಗೆ

ನನ್ನ ಹೆಸರು ವತ್ಸಲಾ, ಗಂಡ ನರಸಿಂಹಮೂರ್ತಿ, ವಯಸ್ಸು 58, ಉದ್ಯೋಗ ಶಾಲೆಯ ಅಡುಗೆಮನೆಯಲ್ಲಿ ಸಹಾಯಕಿ, ವಾಸ ಕ್ವೀನ್ಸ್‌ಬರಿ, ಲಂಡನ್. ಕಾಣೆಯಾಗಿರುವ ಅಡಿವೆಪ್ಪ ಎಂಬವರ ವಿಚಾರವಾಗಿ ನಾನಾಗಿಯೇ ಠಾಣೆಗೆ ಬಂದು, ದುಭಾಷಿಯ ಎದುರು ಕನ್ನಡದಲ್ಲಿ ತಿಳಿಯಪಡಿಸುವುದೇನೆಂದರೆ:

ದಿನಾಂಕ 3-9-2024ರಂದು ನಾನು ಮತ್ತು ನನ್ನ ಗಂಡ ಒಳಗೇ ಅಡುಗೆ ಮಾಡಿ ಮಲಗಬಹುದಾದ ಬಾಡಿಗೆಯ ಮೋಟರ್‌ಹೋಮ್‌ನಲ್ಲಿ ಸ್ಕಾಟ್ಲೆಂಡಿನ ಉತ್ತರ ತುದಿಯ ಕಡೆ ಹೊರಟೆವು. 11ನೇ ತಾರೀಖು ನನ್ನ ಮಾವನವರ ತಿಥಿ ಬೀಳುತ್ತಿತ್ತು. ತಿಥಿ ಮುಗಿಸಿಕೊಂಡೇ ಹೊರಡೋಣ ಎಂದು ನಾನು ಹೇಳಿದ್ದೆ. ದಾರಿಯಲ್ಲೇ ಮಾಡಿದರಾಯಿತು ಎಂದು ಅವರು ಹೇಳಿದರು. ಹಟ ಅವರದು, ಬಾಳೆ ಎಲೆಯನ್ನು ಪೇಪರಿನಲ್ಲಿ ಸುತ್ತಿ ಎಂಟು ದಿನ ಬಾಡದಂತೆ ಕಾಪಾಡಿದ್ದು ನಾನು.

11ರಂದು ಲೇರ್ಗ್ ಎಂಬ ಊರು ದಾಟಿ 22 ಮೈಲು ಹೋದ ಮೇಲೆ ಸರೋವರದ ಪಕ್ಕ ಗಾಡಿ ನಿಲ್ಲಿಸಿದೆವು. ಒಂದೇ ಗಾಡಿ ಹಿಡಿಸುವ ರಸ್ತೆ. ಮನೆಯಿಲ್ಲ, ಮರವಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. 12.40ಕ್ಕೆ ಅನ್ನ, ತೊವ್ವೆ, ಪಲ್ಯ, ವಡೆ, ಪಾಯಸ ಬಡಿಸಿದ ಎಲೆಯನ್ನು ಗಾಡಿಯಿಂದ ಮೂವತ್ತು ಅಡಿ ದೂರದ ಬಂಡೆಯ ಮೇಲೆ ಇಟ್ಟೆವು. ಈ ಎಡೆಯನ್ನು ಕಾಗೆ ಮುಟ್ಟಿದರೆ ಹಿರಿಯರು ಉಂಡಂತೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಊಟ ಮಾಡುವುದಿಲ್ಲ.

1.25ಕ್ಕೆ ಎರಡು ಕಾಗೆ ಬಂದವು. ಅಲ್ಲಿನ ಕಾಗೆಗಳಿಗೆ ಮೈ ಬೂದು, ತಲೆ ಮತ್ತು ರೆಕ್ಕೆ ಮಾತ್ರ ಕಪ್ಪು. ಇವು ಲೆಕ್ಕಕ್ಕೆ ಬರುತ್ತವೆಯೇ ಎಂದು ಗಂಡ ಕೇಳಿದರು. ಕಾಗೆಯ ಕುಲ ಗೋತ್ರ ಕೇಳುವ ಹೊತ್ತೇ ಇದು, ನಿಮಗೆ ಶುಗರ್ ಇದೆ, ಯಾವುದೋ ಒಂದು ಮುಟ್ಟಲಿ ಎಂದು ನಾನು ಹೇಳಿದೆ. ಅವು ಇಳಿಯದೆ ಹಾರಿಹೋದವು. ನಾವು ಎದುರಿಗಿದ್ದರೆ ಬರುವುದಿಲ್ಲವೆಂದು 2.15ಕ್ಕೆ ಇಬ್ಬರೂ ದಡದಗುಂಟ ಅರ್ಧ ಮೈಲು ನಡೆದು 2.50ಕ್ಕೆ ವಾಪಸು ಬಂದೆವು.

ಎಲೆ ಖಾಲಿಯಾಗಿತ್ತು. ಊಟ ಮುಗಿಸಿದವರು ಮಡಚುವ ಹಾಗೆ ಅದನ್ನು ಅರ್ಧಕ್ಕೆ ಮಡಚಿ, ಹಾರದಂತೆ ಮೇಲೊಂದು ಕಲ್ಲು ಇಡಲಾಗಿತ್ತು. ಅಪ್ಪ ಬಂದಿದ್ದರು ಎಂದು ನನ್ನ ಗಂಡ ಅಲ್ಲೇ ಅಡ್ಡಬಿದ್ದು ಅತ್ತರು. ಮಾವ ತೀರಿಕೊಂಡಾಗ ಇವರು ಸಮಯಕ್ಕೆ ಊರು ತಲುಪಿರಲಿಲ್ಲ. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ನಾನು ಸುತ್ತಮುತ್ತ ನೋಡಿದೆ. ಬಂಡೆಯ ಹಿಂದೆ ಈರುಳ್ಳಿ ಸಿಪ್ಪೆ ಬಿದ್ದಿತ್ತು. ತಿಥಿಗೆ ಈರುಳ್ಳಿ ನಿಷಿದ್ಧ, ನಮ್ಮ ಗಾಡಿಯಲ್ಲಿ ಒಂದೂ ಇರಲಿಲ್ಲ. ಅದು ಚಾಕುವಿನಲ್ಲಿ ಹೆಚ್ಚಿದ್ದಲ್ಲ, ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದದ್ದು. ರಸ ಇನ್ನೂ ಹಸಿಯಾಗಿತ್ತು. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದಾಗ ಆ ಕಡೆಯವರು ಹಾಗೆ ಗುದ್ದಿ ತಿನ್ನುವುದನ್ನು ದಿನಾ ನೋಡಿದ್ದೇನೆ. ನಿಮ್ಮಪ್ಪ ಈರುಳ್ಳಿ ಮುಟ್ಟುತ್ತಿದ್ದರೇ ಎಂದು ಗಂಡನನ್ನು ಕೇಳಿದೆ. ಸುಮ್ಮನಿರೇ ಎಂದರು.

ಗುಡ್ಡದ ಮೇಲೆ ಸುಮಾರು ಒಂದು ಮೈಲು ದೂರದಲ್ಲಿ ತಗಡಿನ ಗುಡಿಸಲೊಂದು ಕಾಣುತ್ತಿತ್ತು. ಯಾರ್ರೀ ಅಲ್ಲಿ, ಇನ್ನೂ ಅನ್ನ ಇದೆ ಬನ್ನಿ ಎಂದು ಮೂರು ಸಲ ಕೂಗಿದೆ. ಉತ್ತರ ಬರಲಿಲ್ಲ. ಹೋಗಿ ನೋಡಿ ಬರುತ್ತೇನೆ ಎಂದಾಗ, ಉಂಡು ಹೋದವರ ಬೆನ್ನು ಹತ್ತಬಾರದು ಎಂದು ಗಂಡ ಕೈ ಹಿಡಿದುಕೊಂಡರು. ಉಳಿದ ಅನ್ನವನ್ನು ಡಬ್ಬಿಗೆ ಹಾಕಿ ಬಂಡೆಯ ಮೇಲಿಟ್ಟು 4.10ಕ್ಕೆ ಹೊರಟೆವು. ಕೈ ಬಿಡಿಸಿಕೊಂಡು ಹೋಗಬೇಕಿತ್ತು. ಹೋಗದೆ ಇದ್ದದ್ದು ನನ್ನ ತಪ್ಪು.

15ರಂದು ಲಂಡನ್ ಸೇರಿದೆವು. ಇಂದು ಬೆಳಿಗ್ಗೆ 11 ಗಂಟೆಗೆ ಕ್ವೀನ್ಸ್‌ಬರಿಯ ತರಕಾರಿ ಅಂಗಡಿಯ ಬಾಗಿಲಲ್ಲಿ ಅಂಟಿಸಿದ ಚೀಟಿ ನೋಡಿದೆ. ಅಡಿವೆಪ್ಪ, 61, ಮೂಲ ಗದಗ, ವಾಸ ಲಂಡನ್ನಿನ ಹೇಸ್, 4ನೇ ತಾರೀಖಿನಿಂದ ಕಾಣೆ ಎಂದಿತ್ತು. 11.20ಕ್ಕೆ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದಾಗ ಅವರ ಮಗಳು ಸ್ಫೂರ್ತಿ ಮಾತಾಡಿದಳು. ನಿಮ್ಮ ತಂದೆ ಈರುಳ್ಳಿ ಹೇಗೆ ತಿನ್ನುತ್ತಾರಮ್ಮ ಎಂದು ಕೇಳಿದೆ. ಗುದ್ದಿ ತಿಂತಾರ್ರಿ ಆಂಟಿ, ಕಿಚನ್ ಕೌಂಟರ್ ಮ್ಯಾಲೆ, ನಾನು ದಿನಾ ಬೈತಿದ್ದೆ ಎಂದು ಹೇಳಿ ಅತ್ತಳು. ಗೋದಾಮಿನ ಕೆಲಸ ಹೋದ ಮೇಲೆ ತಂದೆ ಫೋನಿನಲ್ಲಿ ಉತ್ತರದ ಆ ದಾರಿಗಳ ವಿಡಿಯೋಗಳನ್ನೇ ನೋಡುತ್ತಿದ್ದರೆಂದೂ, ಹೃದಯದ ಮಾತ್ರೆಗಳನ್ನು ಮನೆಯಲ್ಲೇ ಬಿಟ್ಟು ಹೋಗಿದ್ದಾರೆಂದೂ, ಅಷ್ಟು ದೂರ ಹೋಗಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲವೆಂದೂ ತಿಳಿಸಿದಳು.

ನನ್ನ ಗಂಡ ಠಾಣೆಗೆ ಬರಲು ಒಪ್ಪಲಿಲ್ಲ. ನೀನು ಹಾಗೆ ಬರೆಸಿದರೆ ಅಪ್ಪ ಉಪವಾಸ ಹೋದ ಹಾಗಾಗುತ್ತದೆ ಎಂದರು. ಅವರನ್ನು ಕಾರಿನಲ್ಲೇ ಬಿಟ್ಟು ನಾನೊಬ್ಬಳೇ ಒಳಗೆ ಬಂದೆ. ಈ ಹೇಳಿಕೆ ಬರೆಸುತ್ತಿರುವಾಗ 3.35ಕ್ಕೆ ಅವರೂ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತರು. ಗುಡಿಸಲಿರುವ ಜಾಗವನ್ನು ಮ್ಯಾಪಿನಲ್ಲಿ ಅವರೇ ಗುರುತು ಹಾಕಿಕೊಟ್ಟಿದ್ದಾರೆ.

ಇಲ್ಲಿ ಬರೆದದ್ದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಓದಿಸಿ ಕೇಳಿದ್ದೇನೆ, ಸರಿಯಿದೆ.

ಸ್ಥಳ: ಲಂಡನ್
ದಿನಾಂಕ: 16-9-2024
ಸಹಿ: ವತ್ಸಲಾ

ಸಾಕ್ಷಿಯ ಸಹಿ: ನರಸಿಂಹಮೂರ್ತಿ
ಸಾಕ್ಷಿಯ ಕೋರಿಕೆಯಂತೆ ಸೇರಿಸಿದ್ದು: ಅಂದು ಊಟ ಮಾಡಿದವರು ನನ್ನ ತಂದೆಯಲ್ಲ. ಆ ಹುಡುಗಿಯ ತಂದೆ. ಬೇಗ ಹೋಗಿ.