ಒಂಬತ್ತು ವರ್ಷದ ಮೇಲೆ ಗಿಲ್‌ರಾಯ್ ನೋಡಿದವರು

ಬೆಳ್ಳುಳ್ಳಿಗೆ ಹೆಸರಾದ ಕ್ಯಾಲಿಫೋರ್ನಿಯಾದ ಗಿಲ್‌ರಾಯ್‌ನಲ್ಲಿ ಬೆಳ್ಳುಳ್ಳಿ ಐಸ್‌ಕ್ರೀಮಿನ ಕ್ಯೂನಲ್ಲಿ ನನ್ನ ಮುಂದೆ ಗಂಡ, ಹೆಂಡತಿ ಮತ್ತು ಎಂಟು ವರ್ಷದ ಮಗಳು ನಿಂತಿದ್ದರು. ಬೆಳಿಗ್ಗೆಯಿಂದ ಊರು ಸುತ್ತಿ ಮೂವರ ಶೂಗಳೂ ಧೂಳಾಗಿದ್ದವು.

"ಒಂಬತ್ತು ವರ್ಷ ಇಲ್ಲೇ ಇದ್ದು ಇವತ್ತು ಊರು ನೋಡ್ದೆ ಕಣೆ, ವಾಣಿ."

"ನೀವು ನೋಡಿರೋದು ಫ್ರೀವೇ ಒಂದೇ ರೀ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರ್ತೀರ."

"ಅಪ್ಪ ನನ್ನ ಸ್ಕೂಲ್ ನೋಡಿ, ಇದ್ಯಾವ ಬಿಲ್ಡಿಂಗು ಅಂದ್ರು," ಎಂದು ಮಗಳು ಬಗ್ಗಿ ಬಗ್ಗಿ ನಕ್ಕಳು. ಅಮ್ಮನಿಗೂ ನಗು ತಡೆಯಲಾಗಲಿಲ್ಲ.

"ಸೋಮವಾರ ಎಮರಿವಿಲ್ ಅಪಾರ್ಟ್‌ಮೆಂಟಿಗೆ ಸೈನ್ ಹಾಕ್ಬೇಕು, ನೆನಪಿದ್ಯಾ?" ಎಂದಳು ಕಣ್ಣೊರೆಸಿಕೊಳ್ಳುತ್ತಾ.

"ಇದೆ. ಅಲ್ಲಿಂದ ಆಫೀಸು ಐದೇ ನಿಮಿಷ, ಈಗಿನ ಹಾಗೆ ಎರಡು ಗಂಟೆ ಅಲ್ಲ."

"ಡು ವೀ ಹ್ಯಾವ್ ಟು ಗೋ?" ಎಂದಳು ಮಗಳು. ಅವಳ ನಗು ನಿಂತಿತ್ತು.

ಗಂಡ ಮಗಳ ತಲೆ ನೇವರಿಸಿ ವಾಣಿಯ ಕಡೆ ತಿರುಗಿದ.

"ವಾರಕ್ಕೆ ಮೂರು ದಿನ ಮನೆಯಿಂದ್ಲೇ ಕೆಲಸ ಮಾಡ್ತೀನಿ ಅಂತ ಕೇಳಿದ್ರೆ ಆಫೀಸಿನವರು ಒಪ್ಪಬಹುದು."

"ಒಪ್ಪದಿದ್ರೆ?" ಎಂದಳು ವಾಣಿ.

"ಇಲ್ಲೇ ಹತ್ತಿರ ಬೇರೆ ಕೆಲಸ ಹುಡುಕ್ತೀನಿ. ಅಪಾರ್ಟ್‌ಮೆಂಟು ಬೇಡ."

"ನಿಜವಾಗ್ಲೂ?"

"ಅಪಾರ್ಟ್‌ಮೆಂಟಿನವರಿಗೆ ಬೇಡ ಅಂತ ಈಗ್ಲೇ ಮೆಸೇಜ್ ಮಾಡು."

ವಾಣಿ ಅಲ್ಲೇ ನಿಂತು ಮೆಸೇಜ್ ಮಾಡಿದಳು. ಮಗಳು ಮೂರೂ ಕೋನ್ ಇಸಿದುಕೊಂಡು, ಪಾರ್ಕಿಗೆ ದಾರಿ ತೋರಿಸುತ್ತೇನೆಂದು ಅವರಿಗಿಂತ ಮುಂದೆ ಹೊರಟಳು.